ತಾನಾಗಿ ಬರುವ ವರದಿ

ಊಟಕ್ಕೆ ಕೂತ ಅಳಿಯ ಸುಮ್ಮನೆ ಊಟ ಮಾಡಿ ಏಳಬೇಕು. ಅಂಕಿರಾಯ ಹಾಗೆ ಮಾಡದೆ ಮಾವನ ಎದುರು ತನ್ನ ಆಫೀಸಿನ ಮಾತೆತ್ತಿದ. ಮುಂದಿನ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಅಂಕಿರಾಯ ಎಂಬುದು ಅವನ ನಿಜವಾದ ಹೆಸರಲ್ಲ. ಹಾಸಿಗೆ-ದಿಂಬು ತಯಾರಿಸುವ ಕಂಪನಿಯೊಂದರಲ್ಲಿ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಅವನ ಬಾಯಿಂದ ಅಂಕಿಯಿಲ್ಲದೆ ಮಾತು ಹೊರಡುತ್ತಿರಲಿಲ್ಲ. ‘ನೆಗಡಿ ಹೇಗಿದೆ?’ ಎಂದರೆ ‘ನಿನ್ನೆಗಿಂತ ಶೇಕಡಾ ನಾಲ್ಕು ವಾಸಿ’ ಎನ್ನುವ ಆಸಾಮಿ. ಆಫೀಸಿನವರು ಇಟ್ಟ ಅಡ್ಡಹೆಸರು ಅವನ ಹಿಂದೆಯೇ ಮನೆಗೂ ಬಂದು ಬಿಡಾರ ಹೂಡಿತ್ತು.

ಜನ ಫೋನಿನಲ್ಲಿ ದಿಂಬು, ಹಾಸಿಗೆ ಎಂದು ಏನಾದರೂ ಬರೆದು ಹುಡುಕುತ್ತಾರಲ್ಲ, ಆಗ ಕಂಪನಿಯ ಹೆಸರು ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಮಂದಿ ಅದನ್ನು ಒತ್ತಿ ವೆಬ್‌ಸೈಟಿನ ಒಳಗೆ ಬಂದರು ಎಂಬ ಲೆಕ್ಕ ಅಂಕಿರಾಯನಿಗೆ ಸಿಗುತ್ತಿತ್ತು. ಪ್ರತಿ ಸೋಮವಾರ ಅದನ್ನು ಇಳಿಸಿಕೊಂಡು, ಕತ್ತರಿಸಿ, ಅಂಟಿಸಿ, ಮೀಟಿಂಗಿಗೆ ವರದಿ ಮಾಡುವಷ್ಟರಲ್ಲಿ ಅವನ ಕುತ್ತಿಗೆಗೇ ಒಂದು ದಿಂಬು ಬೇಕಾಗುತ್ತಿತ್ತು. ಅಷ್ಟು ಒದ್ದಾಡಿದರೂ ಅಂಕಿ ಪೂರ್ತಿ ಸಿಗುತ್ತಿರಲಿಲ್ಲ; ಲೆಕ್ಕ ಕೊಡುವ ಸೈಟು ಮೇಲಿನ ಸಾವಿರ ಸಾಲು ಕೊಟ್ಟು ‘ಇಷ್ಟೇ’ ಎಂದು ಬಾಗಿಲು ಹಾಕಿಕೊಳ್ಳುತ್ತಿತ್ತು. ಕೊನೆಗೆ ರೋಸಿಹೋಗಿ, ಓದಿ, ಕೇಳಿ, ಕೆಡಿಸಿ, ಸರಿಮಾಡಿ ಅವನೊಂದು ಏರ್ಪಾಡು ಮಾಡಿದ್ದ. ಇನ್ನು ಮುಂದೆ ಎಲ್ಲ ಅಂಕಿಯೂ ದಿನದಿನವೂ ಯಾರೂ ಮುಟ್ಟದೆ ತಾನಾಗಿ ಬಂದು ಕಂಪನಿಯ ಕಂಪ್ಯೂಟರ್ ಉಗ್ರಾಣ ಸೇರುತ್ತದೆ, ಅಲ್ಲಿಂದ ವರದಿಯಾಗಿ ಮೀಟಿಂಗ್ ಕೋಣೆಯ ಟಿವಿಯಲ್ಲಿ ಮೂಡುತ್ತದೆ. ಮೊದಲ ಮಗು ನಡೆದದ್ದನ್ನು ಕಂಡಷ್ಟು ಹೆಮ್ಮೆ ಅವನಿಗೆ.

ಅದನ್ನೇ ಊಟದ ಹೊತ್ತಿನಲ್ಲಿ ಹೇಳಿದ. ಮಾವ ನಿವೃತ್ತ ಹೆಡ್ ಕ್ಲಾರ್ಕು. ಮಗಳ ಮನೆಯಲ್ಲಿದ್ದರೂ ಕಚೇರಿಯಲ್ಲಿದ್ದಂತೆಯೇ ಇರುವವರು. ಎಲ್ಲ ಕೇಳಿ, “ಅಲ್ಲ ಅಳಿಯಂದ್ರೇ, ಎಲ್ಲಾ ತಾನಾಗೇ ಬಂದ್ರೆ ನಿಮಗ್ಯಾಕೆ ಸಂಬಳ ಕೊಡ್ತಾರೆ?” ಎಂದರು.

ಹೆಂಡತಿ ನಗು ತಡೆಯಲು ನೀರು ಕುಡಿದಳು.

“ಈಗ ನೋಡಿ ಮಾವ, ಯಾರಾದ್ರೂ ಕುತ್ತಿಗೆ ನೋವಿಗೆ ದಿಂಬು ಅಂತ ಹುಡುಕಿದ್ರೆ ನಮ್ಮ ಕಂಪನಿ ಹೆಸರು ಬರುತ್ತೆ. ಹಾಗೆ ಬರೋ ಹಾಗೆ ಮಾಡೋನು ನಾನು. ಎಷ್ಟು ಸಲ ಬಂತು ಅಂತ ಲೆಕ್ಕ ಇಡೋದು ಯಂತ್ರ.”

“ಓಹೋ,” ಎಂದರು ಮಾವ. ಆ ‘ಓಹೋ’ದ ಉದ್ದ ಅಂಕಿರಾಯನಿಗೆ ಹಿಡಿಸಲಿಲ್ಲ.

ಅದಾದ ಮುಂದಿನ ಸೋಮವಾರ ಹೊಸ ವರದಿಯ ಮೊದಲ ಪ್ರದರ್ಶನ. ಅಂಕಿರಾಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಮುಂಚೆ ಬಂದು ಟಿವಿ ಹಾಕಿದ. ಟಿವಿಯಲ್ಲಿ ‘ಅನುಮತಿ ಇಲ್ಲ’ ಎಂಬ ಕೆಂಪು ಸಾಲು ಬಿಟ್ಟರೆ ಬೇರೇನೂ ಇಲ್ಲ.

ಟಿವಿ ಆರಿಸಿ ಮತ್ತೆ ಹಾಕಿದ; ಅದೇ ಸಾಲು. ಅಷ್ಟರಲ್ಲಿ ಲೆಕ್ಕದ ಮೇಡಂ ಬ್ಯಾಗು ನೇತುಹಾಕಿಕೊಂಡು ಒಳಗೆ ಬಂದರು. ಕಂಪನಿಯ ಆನ್‌ಲೈನ್ ಖಾತೆಗಳ ಬೀಗದಕೈಯೆಲ್ಲ ಅವರ ಹತ್ತಿರ.

“ಅಂಕಿರಾಯ್ರೇ, ನಿಮಗೊಂದು ಉಪಕಾರ ಮಾಡಿದೀನಿ. ಯಾವನೋ ಗೊತ್ತುಗುರಿ ಇಲ್ಲದೋನು ನಮ್ಮ ಖಾತೆ ಒಳಗೆ ಸೇರ್ಕೊಂಡಿದ್ದ. ಹೆಸರೋ ರೈಲಿನಷ್ಟುದ್ದ! ಬೆಳಿಗ್ಗೆ ಬಸ್ಸಲ್ಲಿ ಬರ್ತಾ ನೋಡ್ದೆ, ಅಲ್ಲೇ ಕಿತ್ತು ಬಿಸಾಕ್ದೆ.”

“ಅಯ್ಯೋ ಮೇಡಂ! ಅವನು ಕಳ್ಳ ಅಲ್ಲ, ನಮ್ಮ ಆಳು! ಅಂಕಿ ಹೊತ್ತು ತರೋ ಯಂತ್ರದ ಹೆಸರು ಅದು!”

“ಆಳಾದ್ರೆ ಹಾಜರಿ ಹಾಕ್ಬೇಕಲ್ಲ?” ಎಂದರು ಮೇಡಂ, ಸ್ವಲ್ಪವೂ ಅಳುಕದೆ.

ಕೈಕಾಲು ಹಿಡಿಯುವುದೊಂದು ಬಾಕಿ. ಅಂತೂ ಅಂಕಿರಾಯ ಆ ಉದ್ದ ಹೆಸರಿನವನಿಗೆ ಮತ್ತೆ ಅನುಮತಿ ಕೊಡಿಸಿದ. ಯಜಮಾನರು ಕೋಣೆಯೊಳಗೆ ಕಾಲಿಡುವುದಕ್ಕೂ ಟಿವಿಯಲ್ಲಿ ಬಣ್ಣಬಣ್ಣದ ಗೆರೆಗಳು ಮೂಡುವುದಕ್ಕೂ ಸರಿಹೋಯಿತು.

ಗೆರೆ ನೋಡಿ ಅಂಕಿರಾಯನೇ ಬಾಯಿ ಬಿಟ್ಟ. ವಾರವಿಡೀ ನೆಲಕ್ಕಂಟಿ ತೆವಳಿದ್ದ ಗೆರೆ, ಕೊನೆಯಲ್ಲಿ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಮೇಲಕ್ಕೆ ನೆಗೆದಿತ್ತು.

“ಏನಯ್ಯಾ ಅದು?” ಯಜಮಾನರು ಕುರ್ಚಿ ಮುಂದಕ್ಕೆಳೆದುಕೊಂಡರು.

“ನಮ್ಮ ಹೆಸರು ಜನಕ್ಕೆ ಕಂಡಿರೋದು ಸರ್. ಒಂದೇ ದಿನದಲ್ಲಿ ಮೂವತ್ತು ಪಟ್ಟು!”

ಮಾರಾಟ ವಿಭಾಗದ ಮುಖ್ಯಸ್ಥ ಎದ್ದುನಿಂತ. ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುವ ಅವನಿಗೆ ಗುಡುಗು ಎಂದೇ ಹೆಸರು. “ನಾನು ಹೇಳಿರ್ಲಿಲ್ವಾ ಸರ್? ಸರ್ಕಲ್ಲಲ್ಲಿ ಬೋರ್ಡ್ ಹಾಕ್ಸಿದ್ದು ಯಾರು? ಅದರ ಪವಾಡ ಇದು!”

“ತಡಿ, ತಡಿ. ಜನ ಏನಂತ ಹುಡುಕಿದಾರೆ ಅದನ್ನ ತೋರ್ಸು.”

ಅಂಕಿರಾಯ ಒತ್ತಿದ. ಎಲ್ಲಕ್ಕಿಂತ ಮೇಲೆ, ಉಳಿದೆಲ್ಲ ಸಾಲುಗಳನ್ನು ಕುಬ್ಜವಾಗಿಸಿ ಒಂದು ಸಾಲು ಕೂತಿತ್ತು. ಯಜಮಾನರು ಗಟ್ಟಿಯಾಗಿ ಓದಿದರು:

“ದಯವಿಟ್ಟು ಕುತ್ತಿಗೆ ನೋವಿಗೆ ಒಳ್ಳೆಯ ದಿಂಬು ತೋರಿಸಬೇಕಾಗಿ ವಿನಂತಿ, ಇಂತಿ ತಮ್ಮ ವಿಶ್ವಾಸಿ.”



“ನೋಡ್ರಯ್ಯಾ! ಎಷ್ಟು ಗೌರವದಿಂದ ಕೇಳ್ತಿದಾರೆ! ಜನಕ್ಕೆ ಕುತ್ತಿಗೆ ನೋವು ಎಷ್ಟಿರ್ಬೇಕು!” ಯಜಮಾನರ ಗಂಟಲು ಗದ್ಗದವಾಯಿತು. ಆ ಗದ್ಗದದಲ್ಲೇ ಕಾರ್ಖಾನೆಗೆ ಫೋನು ಮಾಡಿದರು. “ಹಾಸಿಗೆ ನಿಲ್ಸಿ. ಎಲ್ಲಾ ಕೈನೂ ಕುತ್ತಿಗೆ ದಿಂಬಿಗೆ ಹಾಕಿ. ಹೌದು, ಇವತ್ತಿಂದ್ಲೇ!”

ಆಗಲೇ ಅಂಕಿರಾಯನ ಜೇಬಿನಲ್ಲಿ ಫೋನು ನಡುಗಿತು. ಮೇಜಿನ ಕೆಳಗೆ ಹಿಡಿದು ನೋಡಿದ. ಮಾವನ ಸಂದೇಶ:

‘ಮಾನ್ಯರೇ, ವರದಿ ಬಂದಿತೇ? ತಿಳಿಸುವುದು. ಇಂತಿ ತಮ್ಮ ವಿಶ್ವಾಸಿ.’

ಅಂಕಿರಾಯ ಟಿವಿ ನೋಡಿದ, ಫೋನು ನೋಡಿದ, ಮತ್ತೆ ಟಿವಿ ನೋಡಿದ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಸಾಲಿನ ಕೊನೆಯ ಅಂಕಿಯನ್ನು ಈಗ ಗಮನಿಸಿದ: ಕಂಡದ್ದು ಸಾವಿರಾರು ಸಲ, ಒತ್ತಿ ಒಳಗೆ ಬಂದವರು ಸೊನ್ನೆ.

“ನೀರು ಕುಡ್ದು ಬಂದೆ ಸರ್,” ಎಂದು ಮೆಟ್ಟಿಲ ಹತ್ತಿರ ಓಡಿ ಫೋನು ಹಚ್ಚಿದ.

“ಮಾವ! ದಿಂಬಿನ ವಿಷಯ ಫೋನಲ್ಲಿ ಹುಡುಕಿದ್ರಾ?”

“ಹೂಂ ಮತ್ತೆ! ನಿನ್ನೆ ಪಾರ್ಕಲ್ಲಿ ನಮ್ಮ ಬೆಂಚಿನೋರ ಹತ್ರ, ನಮ್ಮ ಅಳಿಯಂದ್ರು ಅಂದ್ರೆ ಸುಮ್ನೆ ಅಲ್ಲ, ಕೇಳಿದ್ ತಕ್ಷಣ ಅವರ ಕಂಪನಿ ಹೆಸರು ಬರೋ ಹಾಗ್ ಮಾಡಿದಾರೆ ಅಂದೆ. ಯಾರೂ ನಂಬ್ಲಿಲ್ಲ. ಒಬ್ಬೊಬ್ಬರ ಫೋನಲ್ಲೂ ಹೊಡ್ದು ತೋರ್ಸಿದೆ. ಬಂತಲ್ಲ! ಆಮೇಲೆ ಅವರು ಪಕ್ಕದ ಬೆಂಚಿನೋರಿಗೆ, ಅವರು ನಗೆಕೂಟದೋರಿಗೆ... ಸಂಜೆವರ್ಗೂ ಅದೇ ಕೆಲಸ. ಪಾರ್ಕಿಗೆ ಪಾರ್ಕೇ ನಿಮ್ಮನ್ನ ಹೊಗಳ್ತಿತ್ತು ಅಳಿಯಂದ್ರೇ!”

ಮದುವೆಯಾದ ಮೂರು ವರ್ಷದಲ್ಲಿ ಮಾವ ಅವನನ್ನು ಹೊಗಳಿದ್ದು ಅದೇ ಮೊದಲು. ಬೈಯಲೆಂದು ಬಂದ ಮಾತು ಎಲ್ಲೋ ದಾರಿ ತಪ್ಪಿತು.

“ಮತ್ತೆ... ಯಾರೂ ಒತ್ಲಿಲ್ವಾ?”

“ಛೆ ಛೆ! ಒತ್ತಿದ್ರೆ ದುಡ್ಡು ಕಟ್ಟಾಗುತ್ತೆ ಅಂತ ನಾನೇ ಎಚ್ಚರಿಕೆ ಕೊಟ್ಟಿದ್ದೆ.”

ಅಂಕಿರಾಯ ಮೆಟ್ಟಿಲ ಮೇಲೆ ಕೂತ. ಸುಮ್ಮನಿದ್ದುಬಿಟ್ಟರೆ ಪವಾಡದ ಯಶಸ್ಸು ಗುಡುಗಿಗೆ ಹೋಗುತ್ತದೆ, ದಿಂಬು ಮಾರದೆ ಬಿದ್ದಾಗ ಏಟೂ ಗುಡುಗಿಗೇ ಬೀಳುತ್ತದೆ. ಆಸೆ ಒಂದು ಗಳಿಗೆ ಕೈ ಬೀಸಿ ಕರೆಯಿತು. ಆದರೆ ಅಂಕಿ ಅವನದು. ಮೊದಲ ದಿನವೇ ತನ್ನ ಅಂಕಿಯ ಬಾಯಲ್ಲಿ ಸುಳ್ಳು ಹೇಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಎದ್ದು, ಮುಖ ಒರೆಸಿಕೊಂಡು, ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟ.

“ವರದಿ ಸರಿಯಾಗೇ ಇದೆ ಸರ್. ಯಂತ್ರ ಒಂದಂಕಿನೂ ತಪ್ಪಿಲ್ಲ. ಆದ್ರೆ ಹುಡುಕಿದೋರು ಗಿರಾಕಿಗಳಲ್ಲ. ನಮ್ಮ ಮಾವ, ಮತ್ತವರ ಬಳಗ.”

ಗುಡುಗು ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಸದ್ದಿಲ್ಲದೆ ಕೂತ. ಲೆಕ್ಕದ ಮೇಡಂ ‘ಆ ಉದ್ದ ಹೆಸರಿನೋನ್ನ ನಂಬ್ಬಾರ್ದು ಅಂತ ನಂಗಾಗ್ಲೇ ಅನ್ನಿಸ್ತು’ ಎಂದು ಗೊಣಗಿದರು. ಯಜಮಾನರು ಕಾರ್ಖಾನೆಗೆ ಮತ್ತೆ ಫೋನು ಮಾಡಿ ‘ಹಾಸಿಗೇನೇ ಹೊಲೀರಿ’ ಎಂದರು. ಆಮೇಲೆ ಅಂಕಿರಾಯನನ್ನು ದಿಟ್ಟಿಸಿದರು.

“ನಿಮ್ಮ ಮಾವ ಒಬ್ಬರೇ ಮಾಡಿದ್ರಾ ಇಷ್ಟನ್ನೂ?”

“ಹೌದು ಸರ್. ತಪ್ಪಾಯ್ತು ಸರ್.”

“ಅವರ ಫೋನ್ ನಂಬರ್ ಬರ್ಕೊಟ್ಟು ಹೋಗು.”

ಮಾವನನ್ನು ಪೊಲೀಸರಿಗೆ ಒಪ್ಪಿಸುತ್ತಾರೋ, ತನ್ನ ಕೆಲಸ ಕೀಳುತ್ತಾರೋ ಎಂದು ಅಂಕಿರಾಯ ಸಂಜೆಯವರೆಗೂ ಕುರ್ಚಿಯ ತುದಿಯಲ್ಲೇ ಕೂತಿದ್ದ. ಕಾಲೆಳೆದುಕೊಂಡು ಮನೆಗೆ ಬಂದರೆ ನಡುಮನೆಯಲ್ಲಿ ಮಾವ ಹಳೆಯ ಕೋಟನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಹೆಂಡತಿಯ ಮುಖ ಹೊಸ ಬಲ್ಬಿನ ಹಾಗೆ ಬೆಳಗುತ್ತಿತ್ತು.

“ರೀ, ನಿಮ್ಮ ಯಜಮಾನ್ರು ಫೋನ್ ಮಾಡಿದ್ರು! ಸಂಬಳ ಇಲ್ಲದೆ ಇಷ್ಟು ಜನಕ್ಕೆ ನಮ್ಮ ಹೆಸರು ತೋರ್ಸಿದೋರು, ಸಂಬಳ ಕೊಟ್ರೆ ಏನೇನ್ ಮಾಡ್ತಾರೋ ಅಂದ್ರಂತೆ. ಅಪ್ಪನ್ನ ಪ್ರಚಾರ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದಾರೆ!”

ಅಂಕಿರಾಯ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. “ಪ್ರಚಾರ ವಿಭಾಗನಾ? ವೆಬ್‌ಸೈಟ್ ಅದರ ಕೆಳಗೇ ಬರೋದು!”

“ಅಂದ್ರೆ ನೀವು ನನ್ನ ಕೈಕೆಳಗೆ,” ಎಂದರು ಮಾವ ಪ್ರೀತಿಯಿಂದ. “ಹೆದರ್ಬೇಡಿ. ನಮ್ಮ ಅಳಿಯಂದ್ರು ನಿಜ ಒಪ್ಕೊಂಡ್ರಂತೆ ಅಂತ ಆಗ್ಲೇ ಇಡೀ ಪಾರ್ಕಿಗೆ ಹೇಳಿ ಬಂದಿದೀನಿ. ಎದೆ ಉಬ್ಬಿ ಕೋಟಿನ ಗುಂಡಿ ಹಾಕೋಕಾಗ್ತಿಲ್ಲ. ಅಂದ ಹಾಗೆ, ಆ ವರದಿ.”

“ಅದು ತಾನಾಗೇ ಟಿವಿಗೆ ಬರುತ್ತೆ ಮಾವ. ನೀವು ಸುಮ್ನೆ ನೋಡಿದ್ರಾಯ್ತು.”

“ಟಿವೀಲಿ ಬಂದದ್ದಕ್ಕೆ ನಾನು ಸಹಿ ಎಲ್ಲಿ ಹಾಕ್ಲಿ? ನಿಮ್ಮ ಕೈಯಾರೆ ಕಾಗದದ ಮೇಲೆ ಬರ್ದು ತನ್ನಿ. ಎರಡು ಪ್ರತಿ.”

ಅಂಕಿರಾಯ ಈಗ ಚಪ್ಪಲಿ ಬಿಟ್ಟ. “ಪ್ರತಿ ಸೋಮವಾರನಾ?”

“ಸೋಮವಾರ ಯಾಕೆ?” ಮಾವ ಕೋಟನ್ನು ಬೆಳಕಿಗೆ ಹಿಡಿದು ನೋಡಿದರು. “ಅಂಕಿ ಈಗ ದಿನಾ ಬರುತ್ತೆ ಅಂತ ನೀವೇ ಹೇಳಿದ್ರಲ್ಲ!”