ಟೀಚರ್ ಬಾಯಿ ಮೇಲೆ ಬೆರಳಿಟ್ಟ ದಿನ

ಮಕ್ಕಳ ಜೊತೆ ಆಡುವುದನ್ನು ದೊಡ್ಡವರಿಗೆ ಕಲಿಸುವುದು ನನ್ನ ಕೆಲಸ. ಬಾಯಿಬಿಟ್ಟು ಹೇಳಲಾಗದ ಭಯ, ಸಂಕಟಗಳನ್ನು ಪುಟ್ಟ ಮಕ್ಕಳು ಆಟದಲ್ಲಿ ಹೊರಹಾಕುತ್ತಾರೆ. ಅದನ್ನು ಪ್ಲೇ ಥೆರಪಿ ಎನ್ನುತ್ತೇವೆ. ಕಲಿಯಲು ಟೀಚರ್‌ಗಳು, ನರ್ಸ್‌ಗಳು ಜಯನಗರದ ನಮ್ಮ ಮಹಡಿ ಹತ್ತಿ ಬರುತ್ತಾರೆ. ಕ್ಲಾಸಿನಲ್ಲಿ ನಗಬಾರದು ಅಂತ ದಿನಾ ಬೆಳಿಗ್ಗೆ ತೀರ್ಮಾನಿಸುತ್ತೇನೆ. ಮಧ್ಯಾಹ್ನದವರೆಗೆ ಅದು ಉಳಿದದ್ದಿಲ್ಲ.

೧. ಮರಳಿನ ಮನೆ

ಕಟ್ಟಡದ ಓನರ್ ಅಂಕಲ್ ಇರುವುದು ನಮ್ಮ ಕೆಳಗಿನ ಮನೆಯಲ್ಲೇ. ಬೇಗೂರಿನ ಕಡೆ ರಾಗಿ ಬೆಳೆಯುತ್ತಿದ್ದವರು, ಈಗ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಮಕ್ಕಳು ಕೈಯಾಡಿಸಲೆಂದು ಒಂದು ದೊಡ್ಡ ಟ್ರೇಗೆ ಮರಳು ತುಂಬಿಸಿದ್ದೆ. ಆ ದಿನ ಅಭ್ಯಾಸಕ್ಕೆಂದು ಮೂವರು ನರ್ಸ್‌ಗಳು ಅದರಲ್ಲಿ ಮನೆ ಕಟ್ಟುತ್ತಿದ್ದರು. ಅಂಕಲ್ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಏನ್ ಕಲೀತಾ ಇದಾರೆ ಮೇಡಂ?"

"ಆಟ ಆಡೋದು ಅಂಕಲ್."

ಅವರು ಬಗ್ಗಿ ಒಂದು ಚಿಟಿಕೆ ಮರಳನ್ನು ಬೆರಳಲ್ಲಿ ಉಜ್ಜಿದರು. "ಆಡ್ಲಿ ಬಿಡಿ. ಆದ್ರೆ ಇದ್ರಲ್ಲಿ ಮಣ್ಣು ಜಾಸ್ತಿ. ಈ ಮನೆ ನಿಲ್ಲಲ್ಲ."

ಅಂದಿನಿಂದ ಜರಡಿ ಹಿಡಿದ ಮರಳನ್ನು ಅವರೇ ಚೀಲದಲ್ಲಿ ತಂದುಕೊಡುತ್ತಾರೆ.

೨. ಇನ್ನೂ ಎರಡು ಸೇರಿಸಿದರೆ

ಕತ್ರಿಗುಪ್ಪೆಯಿಂದ ಬರುತ್ತಿದ್ದ ಟೀಚರ್ ಒಬ್ಬರು ಮೂವತ್ತು ವರ್ಷ ಪ್ರೈಮರಿಗೆ ಪಾಠ ಮಾಡಿ ರಿಟೈರ್ ಆದವರು. ಮನೆಯಲ್ಲಿ ಕೂರಲಾಗದೆ ಮತ್ತೆ ಮಕ್ಕಳ ಹತ್ತಿರ ಹೋಗಬೇಕೆಂದು ಹಂಬಲಿಸುತ್ತಿದ್ದರು. ಅದಕ್ಕೆ ನಮ್ಮ ಸರ್ಟಿಫಿಕೇಟ್ ಬೇಕಿತ್ತು. ಪರೀಕ್ಷೆ ಅಂದರೆ ಒಂದು ಮಗುವಿನ ಜೊತೆ ಅರ್ಧ ಗಂಟೆ ಕೂರುವುದು. ಪ್ರಶ್ನೆ ಕೇಳಬಾರದು, ಪಾಠ ಹೇಳಬಾರದು.

ಮೊದಲನೇ ಸಲ ಮಗು ಆಟದ ಬಸ್ಸು ಮುಟ್ಟಿದ್ದೇ ತಡ, "ಇದು ಯಾವ ಕಲರ್ ಪುಟ್ಟಾ?" ಅಂದರು. ಫೇಲ್.

ಎರಡನೇ ಸಲ ಮಗು ಗೊಂಬೆಗಳನ್ನು ಜೋಡಿಸುತ್ತಿತ್ತು. "ಸಾಲಾಗಿ ನಿಲ್ಲಿಸ್ತಾ ಇದೀಯ" ಅಂದರು. ಮಗು ಮಾಡುವುದನ್ನಷ್ಟೇ ಹಾಗೆ ಹೇಳಬೇಕು, ನನಗೆ ಖುಷಿಯಾಯಿತು. "ಒಂಬತ್ತು ಇದಾವೆ. ಇನ್ನೂ ಎರಡು ಸೇರಿಸಿದ್ರೆ?"

ಮತ್ತೆ ಫೇಲ್. ಟೀಚರ್ ಹೊರಗೆ ಬಂದು ಕಣ್ಣೊರೆಸಿಕೊಂಡರು. "ಮಾತು ತಾನಾಗೇ ಬಂದ್ಬಿಡುತ್ತೆ ಮೇಡಂ." ಮೂರರಲ್ಲಿ ಉಳಿದಿದ್ದು ಒಂದೇ ಅವಕಾಶ. ಅದೇ ಹೊತ್ತಿಗೆ ಮಗು ಒಳಗಿನಿಂದ "ಹನ್ನೊಂದು" ಅಂತ ಕೂಗಿತು.

೩. ಹೊಸ ಮಿಸ್

ಮೂರನೇ ಸಲ ಬಂದವಳು ನಾಲ್ಕೂವರೆ ವರ್ಷದ ಹುಡುಗಿ. ಮನೆಯಲ್ಲಿ ಪಟಪಟ ಮಾತು, ಹೊರಗಿನವರ ಮುಂದೆ ಒಂದಕ್ಷರವಿಲ್ಲ. ನಾನು ಕಿಟಕಿಯ ಗಾಜಿನಾಚೆ ನಿಂತೆ.

ಟೀಚರ್ ತುಟಿ ಬಿಗಿಹಿಡಿದು ಕೂತರು. ಹುಡುಗಿ ಆಟದ ಸಾಮಾನನ್ನೆಲ್ಲ ನೋಡಿ, ಒಂದು ಸ್ಕೇಲು ಎತ್ತಿಕೊಂಡು ಅವರತ್ತ ಚಾಚಿದಳು.

"ಕೈ ಕಟ್ಟು. ಬಾಯಿ ಮೇಲೆ ಬೆರಳು."

ಹೊರಗಿನವರೊಬ್ಬರ ಜೊತೆ ಅವಳು ಆಡಿದ ಮೊದಲ ಮಾತು ಅದು. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದ್ದ ಟೀಚರ್, ಒಂದು ಕೈ ಕಟ್ಟಿ, ಇನ್ನೊಂದರ ಬೆರಳನ್ನು ತುಟಿಗಿಟ್ಟರು. ಅರ್ಧ ಗಂಟೆ ಹುಡುಗಿ ಬೈದಳು, ತಿದ್ದಿದಳು, ಕರಡಿ ಗೊಂಬೆಗೆ ಸ್ಟಾರ್ ಕೊಟ್ಟಳು. ಟೀಚರ್ ಕೆನ್ನೆ ಮೇಲೆ ನೀರಿಳಿಯುತ್ತಿತ್ತು, ಬೆರಳು ಮಾತ್ರ ಕದಲಲಿಲ್ಲ. 'ಪಾಸ್' ಅಂತ ದೊಡ್ಡದಾಗಿ ಬರೆದುಕೊಂಡೆ.

ಒಳಗೆ ಹೋಗಿ, "ಟೈಮ್ ಆಯ್ತು" ಅಂದೆ. ಟೀಚರ್ ಬೆರಳು ತೆಗೆಯದೆ ಕಣ್ಣಲ್ಲೇ ಹುಡುಗಿಯನ್ನು ತೋರಿಸಿದರು.

"ಬೆಲ್ ಆಗಿಲ್ಲ," ಅಂದಳು ಅವಳು. "ನೀನೂ ಕೂತ್ಕೋ."

ಕೂತೆ. ಬೆರಳನ್ನೂ ಇಟ್ಟೆ. ಅಷ್ಟರಲ್ಲಿ ಓನರ್ ಅಂಕಲ್ ಚೀಲ ಹೊತ್ತು ಬಾಗಿಲಿಗೆ ಬಂದರು. "ಮೇಡಂ, ಮರಳು..."

ಹುಡುಗಿ ತಿರುಗಿ ನೋಡಿದಳು. "ಯಾಕೆ ಲೇಟು?"

ಅಂಕಲ್ ನನ್ನನ್ನು ನೋಡಿದರು, ಟೀಚರನ್ನು ನೋಡಿದರು. ಮೆಲ್ಲಗೆ ಚೀಲ ಇಳಿಸಿದರು, ಚಪ್ಪಲಿ ಬಿಟ್ಟರು, ಕೈ ಕಟ್ಟಿದರು.

"ಬಸ್ ಸಿಗ್ಲಿಲ್ಲ ಮಿಸ್."