ಕೆಂಪು ಕಟ್ಟಡದ ಲಾಲ್‌ಬಾಗ್

ವೆಂಕಟರಮಣಪ್ಪ: ಇಳಿಯೇ, ಬೆಂಗ್ಳೂರು ಬಂತು!

ಪಿಳ್ಳಮ್ಮ: ಇದು ದಂಡು ಟೇಸನ್ನು. ನಾವ್ ತಗಂಡಿರೋ ಟಿಕೆಟ್ಟು ಸಿಟಿಗೆ.

ವೆಂಕಟರಮಣಪ್ಪ: ಇಪ್ಪತ್ತು ವರ್ಸದಿಂದ ಸೊಪ್ಪಿನ ಮೂಟೆ ತಂದು ಇಲ್ಲೇ ಇಳಿಸ್ತಾ ಇವ್ನಿ. ನಂಗೇ ಬೆಂಗ್ಳೂರು ಏಳ್ಕೊಡ್ತೀಯಾ? ಇಳಿ, ಕಾಯಿ ಜ್ವಾಪಾನ!

ಕಾಡುಗೋಡಿಯ ವೆಂಕಟರಮಣಪ್ಪನವರು ಇಳಿದೇಬಿಟ್ಟರು. ಹಿಂದೆಯೇ ಹೆಂಡತಿ ಪಿಳ್ಳಮ್ಮ, ಇಬ್ಬರ ನಡುವೆ ಕಂಬಳಿ ಸುತ್ತಿದ ಕುಂಬಳಕಾಯಿ. ಪಿಳ್ಳಮ್ಮ ಹಿತ್ತಲಲ್ಲಿ ನಾಲ್ಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬೆಳೆದ ಕಾಯಿ ಅದು. ಈಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸ್ಪರ್ಧೆಗೆ ಹೊರಟಿತ್ತು. ಹನ್ನೆರಡು ಗಂಟೆಯೊಳಗೆ ಗಾಜಿನ ಮನೆಯಲ್ಲಿ ಒಪ್ಪಿಸಬೇಕು, ಒಂದು ನಿಮಿಷ ತಡವಾದರೂ ತೆಗೆದುಕೊಳ್ಳುವುದಿಲ್ಲ ಎಂದು ಗ್ರಾಮಸೇವಕರು ಮೂರು ಸಲ ಹೇಳಿ ಕಳಿಸಿದ್ದರು. ಆಗಲೇ ಒಂಬತ್ತೂವರೆ. ರೈಲು ಇವರನ್ನು ಬಿಟ್ಟು ಸಿಟಿಯ ಕಡೆ ಹೋಯಿತು.

ಪಿಳ್ಳಮ್ಮ: ನಿಮ್ಗೆ ಲಾಲ್‌ಬಾಗು ನಿಜವಾಗ್ಲೂ ಗೊತ್ತಾ?

ವೆಂಕಟರಮಣಪ್ಪ: ಇದೇನ್ ಇಂಗ್ ಕೇಳ್ತೀಯಾ! ವರ್ಸಾ ವರ್ಸಾ ಓಗಿ ನೋಡ್ಕೊಂಡ್ ಬಂದು ನಿಂಗೆ ಏಳಿಲ್ವಾ?

ಪಿಳ್ಳಮ್ಮ: ಏಳಿದ್ರಿ. ಕೆಂಪು ಕಟ್ಟಡ ಏಳಿದ್ರಿ, ಬಿದಿರು ಮೆಳೆ ಏಳಿದ್ರಿ, ಮಕ್ಕಳ ರೈಲು ಏಳಿದ್ರಿ. ಗಾಜಿನ ಮನೆ ಮಾತ್ರ ಒಂದಿನಾನೂ ಏಳಿಲ್ಲ.

ವೆಂಕಟರಮಣಪ್ಪ: ಗಾಜಲ್ವೇನೇ! ಆಚೆ ಕಡೇದೆಲ್ಲ ಕಾಣ್ತೈತೆ. ಅದೇ ಕಣ್ಣಿಗೆ ಬೀಳಾಕಿಲ್ಲ.

ಇಬ್ಬರೂ ಸ್ವಲ್ಪ ದೂರ ನಡೆದರು. ಕುಂಬಳಕಾಯಿ ಗಂಡನ ತಲೆಯ ಮೇಲಿತ್ತು.

ಪಿಳ್ಳಮ್ಮ: ಯಾರ್ನಾದ್ರೂ ದಾರಿ ಕೇಳಿ.

ವೆಂಕಟರಮಣಪ್ಪ: ಸುಮ್ಕಿರು. ದಾರಿ ಕೇಳುದ್ರೆ ಅಳ್ಳಿಯೋರು ಅಂತ ತಿಳ್ಕತಾರೆ.

ಪಿಳ್ಳಮ್ಮ: ತಲೆ ಮ್ಯಾಲೆ ಕುಂಬ್ಳಕಾಯಿ ಒತ್ಕಂಡು ಓಗೋರ್ನ ಇನ್ಯಾವ ಊರೋರು ಅಂತ ತಿಳ್ಕತಾರೆ?

‘ಇನ್ನೇನು ಬಂತು’ ಎನ್ನುತ್ತಲೇ ವೆಂಕಟರಮಣಪ್ಪನವರು ಮುಕ್ಕಾಲು ಗಂಟೆ ನಡೆಸಿದರು. ಕೊನೆಗೆ ಮರಗಳ ನಡುವೆ ಕೆಂಪು ಕಟ್ಟಡವೊಂದು ಕಂಡಿತು. ಅವರ ಮುಖ ಅರಳಿತು.

ವೆಂಕಟರಮಣಪ್ಪ: ನೋಡ್ಕೋ! ಇದೇ ಲಾಲ್‌ಬಾಗು.

ಪಿಳ್ಳಮ್ಮ: ಊವಿನ ಪ್ರದರ್ಶನ ಎಲ್ಲಿ? ಜನ ಎಲ್ಲಿ?

ವೆಂಕಟರಮಣಪ್ಪ: ಬತ್ತಾರೆ. ಪ್ಯಾಟೆ ಜನ, ತಡವಾಗಿ ಏಳ್ತಾರೆ.

ಪಕ್ಕದಲ್ಲೇ ಮಾಲಿಯೊಬ್ಬ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಪಿಳ್ಳಮ್ಮ ಗಂಡನನ್ನು ಕೇಳದೆ ನೇರ ಅವನ ಬಳಿಗೇ ಹೋದಳು.

ಪಿಳ್ಳಮ್ಮ: ಅಣ್ಣಾ, ಗಾಜಿನ ಮನೆ ಎಲ್ಲೈತೆ?

ಮಾಲಿ: ಇಲ್ಲೆಲ್ಲಿ ಬಂತಕ್ಕ ಗಾಜಿನ ಮನೆ? ಅದು ಲಾಲ್‌ಬಾಗಲ್ಲಿರೋದು. ಇದು ಕಬ್ಬನ್ ಪಾರ್ಕು.

ವೆಂಕಟರಮಣಪ್ಪ: ಏನಪ್ಪಾ, ಕೆಲಸಕ್ಕೆ ಒಸಬನಾ? ಲಾಲ್ ಅಂದ್ರೇನು?

ಮಾಲಿ: ಕೆಂಪು.

ವೆಂಕಟರಮಣಪ್ಪ: ಬಾಗ್ ಅಂದ್ರೆ?

ಮಾಲಿ: ತೋಟ.

ವೆಂಕಟರಮಣಪ್ಪ: ಆ ಕಟ್ಟಡ ಯಾವ ಬಣ್ಣ?

ಮಾಲಿ: ಕೆಂಪು.

ವೆಂಕಟರಮಣಪ್ಪ: ಸುತ್ತ ಏನೈತೆ?

ಮಾಲಿ: ತೋಟ.

ವೆಂಕಟರಮಣಪ್ಪ: ಮತ್ತೆ! ದಂಡಿನ ಮಾರ್ಕೆಟ್ಟಲ್ಲಿ ಸಾಯೇಬ್ರ ಅತ್ರ ಕಲ್ತಿರೋ ಭಾಷೆ ಕಣಯ್ಯ ನಂದು!

ಮಾಲಿ: ಅಣ್ಣಾ, ಹದಿನೆಂಟು ವರ್ಷದಿಂದ ಇಲ್ಲಿ ನೀರು ಬಿಡ್ತಿದೀನಿ. ಅಷ್ಟು ವರ್ಷವೂ ಇದು ಕಬ್ಬನ್ ಪಾರ್ಕೇ.

ವೆಂಕಟರಮಣಪ್ಪ: ಕಬ್ಬಿನ ಪಾರ್ಕಾ? ತೋರ್ಸು ನೋಡೋಣ, ಒಂದೇ ಒಂದು ಜಲ್ಲೆ!

ಮಾಲಿ ಪೈಪನ್ನು ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಪಿಳ್ಳಮ್ಮ ನಗಲಿಲ್ಲ.

ಪಿಳ್ಳಮ್ಮ: ಅಂಗಾದ್ರೆ ಇಷ್ಟು ವರ್ಸ ನೀವು ಲಾಲ್‌ಬಾಗ್ ನೋಡೇ ಇಲ್ಲ.

ವೆಂಕಟರಮಣಪ್ಪ: ನೋಡಿವ್ನಿ. ಎಸ್ರು ಮಾತ್ರ ಬೇರೆ.

ಪಿಳ್ಳಮ್ಮ: ನಾಕು ತಿಂಗ್ಳು ಬಿಂದಿಗೇಲಿ ನೀರು ಒತ್ತು ಬೆಳ್ಸಿವ್ನಿ. ಮೂರಾಳು ಬಂದು ‘ಮಾರ್ತೀಯಾ’ ಅಂದ್ರೂ ಕೊಡ್ಲಿಲ್ಲ. ಇವತ್ತು ನಿಮ್ಮ ಜಂಬದಿಂದ...

ಆಕೆಯ ಕಣ್ಣು ತುಂಬಿತು. ತಪ್ಪು ಎಂದು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದ ವೆಂಕಟರಮಣಪ್ಪನವರು ತಲೆಯ ಸಿಂಬಿ ಸರಿಮಾಡಿಕೊಂಡು, ಕೆಳಗಿಳಿಸಿದ್ದ ಕಾಯನ್ನು ಮತ್ತೆ ತಲೆಗೇರಿಸಿದರು.

ವೆಂಕಟರಮಣಪ್ಪ: ನೀನು ಮುಂದೆ ನಡಿ. ನಾನು ಇಂದೆ ಬತ್ತೀನಿ.

ಮಾಲಿ ಲಾಲ್‌ಬಾಗಿನ ಬಸ್ಸು ನಿಲ್ಲುವ ಕಡೆ ಕೈ ತೋರಿಸಿದ. ಅಲ್ಲಿಂದ ಮುಂದೆ ಪಿಳ್ಳಮ್ಮನದೇ ದರ್ಬಾರು. ಎದುರಾದ ಪ್ರತಿಯೊಬ್ಬರನ್ನೂ ನಿಲ್ಲಿಸಿ, ‘ನಾವು ಅಳ್ಳಿಯೋರು ಕಣಣ್ಣ’ ಎಂದು ಶುರುಮಾಡಿ ದಾರಿ ಕೇಳಿದಳು. ಒಬ್ಬರೂ ತಪ್ಪು ಹೇಳಲಿಲ್ಲ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಗಾಜಿನ ಮನೆಯ ಮೇಜಿನ ಮೇಲೆ ಕುಂಬಳಕಾಯಿ ಕೂತಿತು.

ಗುಮಾಸ್ತ: ಬೆಳೆದವರ ಹೆಸರು?

ವೆಂಕಟರಮಣಪ್ಪ: ಬರ್ಕೊಳ್ಳಿ ಸ್ವಾಮಿ. ಕಾಡುಗೋಡಿ ವೆಂಕ...

ಹೆಂಡತಿ ಇವರ ಕಡೆ ತಿರುಗಿದಳು.

ವೆಂಕಟರಮಣಪ್ಪ: ...ಪಿಳ್ಳಮ್ಮ.

ಗುಮಾಸ್ತ: ವೆಂಕಪಿಳ್ಳಮ್ಮ?

ಪಿಳ್ಳಮ್ಮ: ಬರೀ ಪಿಳ್ಳಮ್ಮ, ಸ್ವಾಮಿ.

ಗುಮಾಸ್ತ: ಮತ್ತೆ ಇವರು?

ಪಿಳ್ಳಮ್ಮ: ದಾರಿ ತೋರ್ಸಾಕೆ ಬಂದೋರು.

ವೆಂಕಟರಮಣಪ್ಪನವರು ಬೆವರು ಒರೆಸಿಕೊಳ್ಳುತ್ತ ಗಾಜಿನ ಮನೆಯನ್ನು ಮೇಲಿಂದ ಕೆಳಗೆ ನೋಡಿದರು. ಸೋಲೊಪ್ಪಲು ಇನ್ನೂ ಮನಸ್ಸು ಬರಲೊಲ್ಲದು.

ವೆಂಕಟರಮಣಪ್ಪ: ಅಲ್ವೇ, ಈ ಕಟ್ಟಡದಲ್ಲಿ ಒಂದು ಚೂರೂ ಕೆಂಪಿಲ್ಲ. ಇದ್ನ ಲಾಲ್‌ಬಾಗ್ ಅಂತ ಯಾವನ್ ಕರ್ದ?

ಪಿಳ್ಳಮ್ಮ: ಅತ್ರ ಓಗಿ ಆ ಗಾಜು ನೋಡಿ. ನಿಮ್ಮ ಮೊಕ ಕಾಣ್ತೈತೆ, ಎಷ್ಟು ಬೇಕೋ ಅಷ್ಟು ಕೆಂಪೈತೆ.