ವಾಡೆಗೆ ಬಂದ ಬಿಡಾರ

ಬಳ್ಳಾರಿಯ ಹತ್ತಿ ವ್ಯಾಪಾರಿ ಉಚ್ಚಂಗೆಪ್ಪನವರು ಬರೆದ ಕಾರ್ಡೇ ಎಲ್ಲದಕ್ಕೂ ಮೂಲ. ಕುರುಗೋಡಿನಲ್ಲಿ ಬಾಡಿಗೆಗೆ ದೊಡ್ಡ ಮನೆ ಬೇಕು, ಸೋಮವಾರ ಮಧ್ಯಾಹ್ನ ವಾಡೆ ನೋಡಲು ಬರುವೆ ಎಂದಿತ್ತು. ಕಾರ್ಡು ತಲುಪಿದ್ದು ಸೋಮವಾರ ಬೆಳಿಗ್ಗೆ.

ವಾಡೆಯ ಒಡೆಯ ತಿಪ್ಪೇರುದ್ರಗೌಡರಿಗೆ ಹೋದ ಜೀವ ಬಂತು. ಸಿರುಗುಪ್ಪದ ಗದ್ದೆಗಳು ತಂದೆಯ ಕಾಲಕ್ಕೇ ಕೈಬಿಟ್ಟಿದ್ದವು. ಮೇಜು, ಮಂಚ, ಕುರ್ಚಿಗಳು ಒಂದೊಂದಾಗಿ ಮಾರಾಟವಾಗಿ, ಬಂಡಿ ಹತ್ತಿ ಬಳ್ಳಾರಿಯ ಕಂಟೋನ್ಮೆಂಟಿಗೆ ಹೋಗಿದ್ದವು. ಉಳಿದದ್ದು ನಲವತ್ತು ಕಂಬದ ಬೋಳು ವಾಡೆ. ಮಳೆಗಾಲದೊಳಗೆ ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕಿಸದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಬಾಡಿಗೆಯ ಮುಂಗಡವೊಂದೇ ದಾರಿ.

ವಾಡೆಗೆ ದೊಡ್ಡವರು ಬಂದರೆ ಓಣಿಯವರು ಕೈಜೋಡಿಸುವುದು ಹಿಂದಿನ ರೂಢಿ. ಪಕ್ಕದ ಮನೆಯ ಕೊಟ್ಟೂರಪ್ಪ ಸುದ್ದಿ ಕೇಳಿದ್ದೇ ಟೊಂಕ ಕಟ್ಟಿದ.

“ವಾಡೇದ ಮರ್ಯಾದಿ ಅಂದ್ರ ಓಣಿ ಮರ್ಯಾದಿ. ನೀವು ಸುಮ್ಮನ ಕುಂದರ್ರಿ, ಗೌಡ್ರ.”

ಕೂರಲು ಕುರ್ಚಿಯೂ ಅವನ ಮನೆಯಿಂದಲೇ ಬಂತು. ಹಿಂದೆಯೇ ಜಮಖಾನೆ, ನಿಲುವುಗನ್ನಡಿ, ಹಿತ್ತಾಳೆಯ ಹಂಡೆಗಳು, ಮಂಚ, ಮಂಚ ಬಿಟ್ಟು ಏಳದ ಅವನ ತಾಯಿ ಜಂಬಮ್ಮ. ಪಡಸಾಲೆ ಮದುವೆಮನೆಯ ಉಗ್ರಾಣದಂತಾಯಿತು. ಬಂದವರು ನಿಲ್ಲಲು ಜಾಗ ಉಳಿಸಿ ಎಂದು ಗೌಡರ ಹೆಂಡತಿ ಚನ್ನವೀರಮ್ಮ ಒಳಗಿನಿಂದಲೇ ಕೇಳಿಕೊಂಡಳು.

ಉಚ್ಚಂಗೆಪ್ಪನವರು ಸಂತೆಯಲ್ಲಿ ಮೊಸರ ಗಡಿಗೆ ಹೊತ್ತವರಂತೆ ಮೈ ಹಿಡಿಮಾಡಿಕೊಂಡು ಒಳಗೆ ಬಂದರು. ಮಂಚ ಅಜ್ಜನ ಕಾಲದ್ದೆಂದು ಗೌಡರು ತೋರಿಸಿದರು.

“ಇದು ನನ್ನ ಮದಿವ್ಯಾಗ ಕೊಟ್ಟಿದ್ದು” ಎಂದಳು ಜಂಬಮ್ಮ, ಮಲಗಿದಲ್ಲಿಂದಲೇ.

ಗೌಡರು ಕೆಮ್ಮಿದರು. ಉಚ್ಚಂಗೆಪ್ಪನವರು ಸುತ್ತ ನೋಡಿ ನಿಟ್ಟುಸಿರಿಟ್ಟರು. “ವಾಡೆ ಬಾಳ ಚೆಂದ ಐತ್ರಿ. ಆದ್ರ ನನಗ ಬೇಕಾಗಿದ್ದು ಹತ್ತಿ ಅಂಡಿಗಿ-ಮೂಟಿ ಒಟ್ಟಾಕ ಖಾಲಿ ಮನಿ. ತುಂಬಿದ ಸಂಸಾರ ಎಬ್ಬಿಸಿದ ಪಾಪ ನನಗ್ಯಾಕ್ರಿ?”

ಇವು ನಮ್ಮವಲ್ಲ ಎಂಬ ಎರಡು ಮಾತು ಗೌಡರ ಗಂಟಲಿನವರೆಗೆ ಬಂದು ಅಲ್ಲೇ ಕೂತವು. ಮೂರು ತಲೆಮಾರಿನಿಂದ ಆ ವಾಡೆಯಲ್ಲಿ ಯಾರೂ ಆಡದ ಮಾತು ಅದು. ವ್ಯಾಪಾರಿ ಕೈಮುಗಿದು ಹೊರಟರು. ಬೀಳ್ಕೊಡಲು ಕೊಟ್ಟೂರಪ್ಪ ಹೋದ.

ಅವನು ಮರಳಿದ್ದು ಒಂದು ತಾಸಿನ ಮೇಲೆ, ಕಿವಿ ಕೆರೆಯುತ್ತ.

“ನಮ್ಮ ಮನಿ ಬಾಗಿಲಾ ತೆರೆದಿತ್ರಿ. ಒಂದು ಚರಿಗಿನೂ ಉಳಿದಿದ್ದಿಲ್ಲಲ್ಲ, ಅವ್ರಿಗೆ ಮನಸಿಗೆ ಬಂತು. ಮೂರು ವರ್ಷದ ಮುಂಗಡ ಕೈಯಾಗ ಇಟ್ಟುಬಿಟ್ರು. ಹೆಂಗೂ ನಮ್ಮ ಸಾಮಾನೆಲ್ಲ ಇಲ್ಲೇ ಅದಾವ...”

ಗೌಡರು ಒಮ್ಮೆ ತಲೆಯೆತ್ತಿ ಮಾಳಿಗೆ ನೋಡಿದರು. ಆಮೇಲೆ ಕುರ್ಚಿಗೆ ಆರಾಮವಾಗಿ ಒರಗಿದರು. ಎಷ್ಟೋ ವರ್ಷಗಳ ಮೇಲೆ ಪಡಸಾಲೆ ತುಂಬಿತ್ತು.

“ಇರ್ರಿ. ವಾಡೇಕ ಬಂದವ್ರನ್ನ ಬಾಡಿಗಿ ಕೇಳೋದುಂಟೇನು?”

ಒಳಗೆ ಚನ್ನವೀರಮ್ಮ ಕುದಿಯುವ ಸಾರಿಗೆ ಎರಡು ತಂಬಿಗೆ ನೀರು ಸುರಿದಳು.